ಯಾವ ಕರೂರು

ಹೋದ ವಾರ ಸಿರುಗುಪ್ಪದ ನನ್ನ ಕಚೇರಿಗೆ ಬಂದ ಹೆಣ್ಣುಮಗಳೊಬ್ಬಳು ಸೆರಗಿನ ಗಂಟು ಬಿಚ್ಚಿ, ನಾಲ್ಕಾರು ಹಳೆಯ ಕಾಗದಗಳನ್ನು ನನ್ನ ಮೇಜಿನ ಮೇಲೆ ಹರವಿದಳು. ಭತ್ತದ ಬೀಜಕ್ಕೆ ಅರ್ಜಿ ಹಾಕಲು ಬಂದಿದ್ದಳು. ಕಾಗದಗಳು ಟ್ರಂಕಿನ ತಳದಲ್ಲಿ ವರ್ಷಗಟ್ಟಲೆ ಮಲಗಿದ್ದವೆಂದು ಕಾಣುತ್ತದೆ, ಬಿಡಿಸಿದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ನಾನು ಪೆನ್ನು ಕೆಳಗಿಟ್ಟೆ.

"ಯಾಕ್ರೀ ಮೇಡಂ, ಕಾಗದ ಸರಿ ಇಲ್ಲೇನ್ರಿ?" ಎಂದು ಆಕೆ ಗಾಬರಿಯಾದಳು.

"ಸರಿ ಅದಾವವ್ವ" ಎಂದೆ. ಕಾಗದಗಳು ಸರಿಯಾಗಿಯೇ ಇದ್ದವು. ನಾನು ಮಾತ್ರ ಒಂದು ಗಳಿಗೆ ಬಳ್ಳಾರಿಯ ಕಂಟೋನ್ಮೆಂಟಿನ ಒಂದು ಓಣಿಯಲ್ಲಿ, ಕಚೇರಿ ಅಮ್ಮನ ಪಡಸಾಲೆಯಲ್ಲಿ ಕೂತಿದ್ದೆ...

ಓಣಿಯವರೆಲ್ಲ ಅವರನ್ನು ಕರೆಯುತ್ತಿದ್ದುದೇ ಹಾಗೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ದುಡಿದು ನಿವೃತ್ತರಾಗಿದ್ದರು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ತುಳಸಿಕಟ್ಟೆ, ಒಂದು ಜೋಡಿ ಕನ್ನಡಕ, ದಾರ ಕಟ್ಟಿದ ಕಾಗದದ ಕಟ್ಟುಗಳು. ಆ ಕಟ್ಟುಗಳ ನಡುವೆ ಅಲ್ಲಲ್ಲಿ ಬಿಳಿ ನುಸಿಗುಳಿಗೆ. ಬೇರೆಯವರು ಕಾದಂಬರಿ ಓದುವ ಹಾಗೆ ಅವರು ಸರ್ಕಾರಿ ಸುತ್ತೋಲೆ ಓದುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಕಾಲು ಚಾಚಿ ಕೂತು, ಒಂದೊಂದು ಸಾಲಿಗೂ ಬೆರಳಿಟ್ಟು, ನಡುನಡುವೆ ತಮ್ಮಷ್ಟಕ್ಕೆ "ಹೌದಪ್ಪ" ಎಂದು ತಲೆಯಾಡಿಸುತ್ತ ಓದುತ್ತಿದ್ದರು.

ನಾವು ಅವರ ಎದುರು ಮನೆಗೆ ಬಾಡಿಗೆಗೆ ಬಂದದ್ದು ನನ್ನ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಮುಗಿದ ಕೂಡಲೇ. ನನ್ನ ಅಪ್ಪ ಸೈನ್ಯದಲ್ಲಿ ಹವಾಲ್ದಾರ್. ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ, ಗದ್ದೆ ಕೂಲಿ ಮಾಡುವವರ ಮನೆಯಲ್ಲಿ ಹುಟ್ಟಿ, ನಮ್ಮ ಕೇರಿಯಿಂದ ಮೊದಲು ಪಟಾಲಮ್ಮಿಗೆ ಸೇರಿದವರು. ಅವರ ಹಿಂದೆ ಅವ್ವ, ನಾನು ಊರೂರು ಸುತ್ತಿದೆವು. ಒಂದನೇ ಕ್ಲಾಸು ಪಠಾಣಕೋಟೆಯಲ್ಲಿ, ಐದನೆಯದು ಜಬಲ್ಪುರದಲ್ಲಿ, ಹನ್ನೆರಡನೆಯದು ಜೋಧಪುರದಲ್ಲಿ. ಮನೆಯಲ್ಲಿ ಮಾತಾಡುವುದು ಮಾತ್ರ ಅಪ್ಪಟ ಕರೂರಿನ ಕನ್ನಡ. ಅಪ್ಪನಿಗೆ ಮತ್ತೆ ಗಡಿಯ ಕಡೆ ವರ್ಗವಾಯಿತು, ಅಲ್ಲಿ ಸಂಸಾರ ಇಟ್ಟುಕೊಳ್ಳುವ ಹಾಗಿರಲಿಲ್ಲ. "ಇನ್ನ ನೀವು ಊರ ಕಡಿ ಹೋಗ್ರಿ. ಮಗಳು ಅಲ್ಲೇ ಕಾಲೇಜು ಓದ್ಲಿ" ಎಂದು ಕಳಿಸಿಬಿಟ್ಟರು. ನನಗೆ ಕೃಷಿ ಓದುವ ಆಸೆ. ಪ್ರವೇಶ ಪರೀಕ್ಷೆ ಬರೆದೆ, ನಾನೇ ನಂಬದಷ್ಟು ಒಳ್ಳೆಯ ರ‍್ಯಾಂಕು ಬಂತು. ಅವ್ವ ಓಣಿಗೆಲ್ಲ ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣಿ ಮಾಡಿ ಹಂಚಿದಳು. ಎದುರು ಮನೆಗೆ ಮಾತ್ರ ಕೊಡಲು ಅನುಮಾನ. ಅವರು ಮಡಿಯವರು, ನಾವು ಕೇರಿಯವರು. ಎರಡು ಬಾಳೆಹಣ್ಣು ಕಳಿಸಿದಳು. ಕಚೇರಿ ಅಮ್ಮ ಗೇಟಿನ ಹತ್ತಿರ ನಿಂತೇ ಹಣ್ಣು ಇಸಕೊಂಡು, "ಶಾಣ್ಯಾ ಇದ್ದಿ ಕೂಸೇ" ಎಂದರು. ಅಲ್ಲಿಯವರೆಗೆ ನಮ್ಮ ಅವರ ಪರಿಚಯ ಅಷ್ಟೇ.

ಕಾಗದ ಪರಿಶೀಲನೆಯ ದಿನ ಅವ್ವನೂ ನಾನೂ ಹೊಸ ಬಟ್ಟೆ ತೊಟ್ಟು ಹೋದೆವು. ನಿಯಮ ನಮಗೆ ಬಾಯಿಪಾಠವಾಗಿತ್ತು. ರಾಜ್ಯದ ಸೀಟು ಬೇಕಾದವರು ಇಷ್ಟು ವರ್ಷ ರಾಜ್ಯದಲ್ಲೇ ಓದಿರಬೇಕು. ಆದರೆ ಸೈನಿಕರ ಮಕ್ಕಳಿಗೆ ಒಂದು ವಿನಾಯಿತಿ ಇತ್ತು. ಅಪ್ಪ ಸೇವೆಗೆ ಸೇರುವಾಗ ಕರ್ನಾಟಕದ ಊರನ್ನು ಸ್ವಂತ ಊರೆಂದು ಬರೆಸಿದ್ದರೆ, ಮಕ್ಕಳು ದೇಶದ ಯಾವ ಮೂಲೆಯಲ್ಲಿ ಓದಿದ್ದರೂ ಇಲ್ಲಿಯವರೇ. ಸೈನಿಕರ ಮಕ್ಕಳಿಗೆಂದು ಮೀಸಲಿಟ್ಟ ಸೀಟು, ಶುಲ್ಕದ ರಿಯಾಯಿತಿ, ವಿದ್ಯಾರ್ಥಿ ವೇತನ, ಎಲ್ಲ ಅದರ ಹಿಂದೆ ಬರುವಂಥವು. ಅಪ್ಪನ ಕಡೆಯಿಂದ ಬಂದ ಪ್ರಮಾಣಪತ್ರ ನಮ್ಮ ಕೈಯಲ್ಲಿತ್ತು. ಇನ್ನೇನು ಬೇಕು?

ಮೇಜಿನ ಆಚೆ ಕೂತಿದ್ದ ಅಧಿಕಾರಿ ಮೈಸೂರು ಕಡೆಯವರು, ಸೌಮ್ಯ ಮನುಷ್ಯ. ಪ್ರಮಾಣಪತ್ರವನ್ನು ಎರಡು ಸಲ ಓದಿದರು. ಆಮೇಲೆ ಅದನ್ನು ನನ್ನ ಕಡೆ ತಿರುಗಿಸಿ ಒಂದು ಸಾಲಿನ ಮೇಲೆ ಪೆನ್ನಿಟ್ಟರು. ಸ್ವಂತ ಊರು: ಕರೂರು. ರಾಜ್ಯ: ತಮಿಳುನಾಡು.

"ನೀವು ತಮಿಳುನಾಡಿನವರಲ್ಲವೇನಮ್ಮ?" ಎಂದರು.

ಅವ್ವನಿಗೆ ಮೊದಲು ಅರ್ಥವಾಗಲಿಲ್ಲ. "ಇಲ್ರೀ ಸರ್, ನಮ್ಮೂರು ಇಲ್ಲೇ ಐತಿ. ಸಿರುಗುಪ್ಪಕ್ಕ ಹೋಗಿ ಟಂಟಂ ಆಟೋ ಹತ್ತಿದ್ರ ಬರ್ತೈತಿ" ಎಂದಳು. ಅವರು ಪಾಪ ನಗಲಿಲ್ಲ. ತಮ್ಮ ಮುಂದಿರುವ ಕಾಗದ ಏನು ಹೇಳುತ್ತದೋ ಅದನ್ನಷ್ಟೇ ನೋಡಬೇಕಾಗುತ್ತದೆ ಎಂದರು. ಇನ್ನೊಂದು ಅವಕಾಶವಿದೆ, ಒಂಬತ್ತು ದಿನದ ನಂತರ ಕೊನೆಯ ಸುತ್ತು, ಅಷ್ಟರೊಳಗೆ ಸರಿಯಾದ ದಾಖಲೆ ತಂದರೆ ನೋಡೋಣ ಎಂದರು.

ಯಾವುದೋ ದೂರದ ಊರಿನಲ್ಲಿ, ಯಾವುದೋ ವರ್ಷ, ಹಳೆಯ ಕಾಗದಗಳನ್ನು ಕಂಪ್ಯೂಟರಿಗೆ ಏರಿಸುವಾಗ ಯಾರೋ ನಮ್ಮನ್ನು ತಮಿಳುನಾಡಿನ ಕರೂರಿಗೆ ಒಯ್ದು ಬಿಟ್ಟಿದ್ದರು. ಪ್ರಮಾಣಪತ್ರ ಬಂದು ತಿಂಗಳಾಗಿದ್ದರೂ ನಾವಿಬ್ಬರೂ ಆ ಸಾಲು ಓದಿರಲಿಲ್ಲ. ಕರೂರು ಎಂಬ ಹೆಸರು ಕಂಡರೆ ಸಾಕು, ಮುಂದಿನದನ್ನು ಯಾರು ಓದುತ್ತಾರೆ...

ಓಣಿಗೆ ಬಂದಾಗ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ತುಳಸಿಗೆ ನೀರು ಹಾಕುತ್ತಿದ್ದ ಕಚೇರಿ ಅಮ್ಮ ನೋಡಿದರು. "ಏನಾತಮ್ಮ?" ಎಂದು ಕೇಳಿ, ಪೂರ್ತಿ ಕೇಳುವ ಮೊದಲೇ ಕೈಚಾಚಿ, "ಎಲ್ಲಿ, ಕಾಗದ ತಾ ಇಲ್ಲಿ" ಎಂದರು. ಗೇಟಿನಲ್ಲೇ ನಿಂತು ಓದಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅಯ್ಯೋ ಪಾಪ ಅನ್ನುತ್ತಾರೆ ಎಂದುಕೊಂಡಿದ್ದೆ. ಆದರೆ ಆ ಮುಖದಲ್ಲಿ ನಿಧಾನಕ್ಕೆ ಬೆಳಕು ಏರಿತು. ಹಬ್ಬದ ದಿನ ಒಲೆಯ ಮುಂದೆ ಕೂರುವ ಹೆಂಗಸಿನ ಉಮೇದು ಅದು.

"ಇದನ್ನ ಬರದವನ ತಪ್ಪಿಲ್ಲ ಬಿಡು. ಅವಗ ಗೊತ್ತಿದ್ದ ಕರೂರು ಅವ ಬರದಾನ. ನಮಗ ಗೊತ್ತಿದ್ದ ಕರೂರು ನಾವು ತೋರಸಬೇಕು. ಒಳಗ ಬರ್ರಿ" ಎಂದರು.

ಅವರ ಮನೆಯೊಳಗೆ ನಾವು ಕಾಲಿಟ್ಟದ್ದು ಅದೇ ಮೊದಲು. ಅವ್ವ ಹೊಸ್ತಿಲಲ್ಲಿ ತಡೆದು ನಿಂತಳು. "ಬಾರಮ್ಮ, ಅಲ್ಲಿ ನಿಂತ್ರ ಬರಿಯೋದು ಹೆಂಗ?" ಎಂದು ಅವರೇ ಚಾಪೆ ಹಾಸಿದರು.

ಕಟ್ಟುಗಳನ್ನು ಬಿಚ್ಚಿ, ಕನ್ನಡಕ ಬದಲಿಸಿ, ಸೈನಿಕರ ಮಕ್ಕಳ ನಿಯಮವನ್ನು ಹುಡುಕಿ ತೆಗೆದರು. ಅದನ್ನು ನನ್ನ ಕೈಲೇ ಓದಿಸಿದರು. ನನಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದುವಾಗ ಮಾತ್ರ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಸಾಗಬೇಕಿತ್ತು. ಹನ್ನೆರಡನೇ ಕ್ಲಾಸು ಮುಗಿಸಿದವಳು ಒಂದನೇ ಕ್ಲಾಸಿನವಳ ಹಾಗೆ ಓದುವುದನ್ನು ಅವರು ಒಂದು ಸಲವೂ ಅವಸರ ಮಾಡದೆ ಕೇಳಿದರು. 'ಸೇವೆಗೆ ಸೇರುವ ಸಮಯದಲ್ಲಿ ಘೋಷಿಸಿದ' ಎಂಬಲ್ಲಿಗೆ ಬಂದಾಗ, "ನಿಲ್ಲು. ಇನ್ನೊಮ್ಮೆ ಓದು" ಎಂದರು. ಮತ್ತೆ ಓದಿದೆ. ಅಂಗೈಯಿಂದ ನೆಲಕ್ಕೆ ಮೆಲ್ಲಗೆ ಬಡಿದರು.

"ಸೇರುವ ಸಮಯದಾಗ. ಅಂದ್ರ ಈಗಿನ ಕಂಪ್ಯೂಟರ್ ಏನ್ ಹೇಳ್ತದ ಅನ್ನೋದು ಮುಖ್ಯ ಅಲ್ಲ. ನಿಮ್ಮಪ್ಪ ಅವತ್ತು ಏನು ಬರದುಕೊಟ್ಟಾನ, ಅದು ಮುಖ್ಯ. ಆ ಕಾಗದ ಎಲ್ಲೋ ಇರ್ತದ. ಸರ್ಕಾರದ ಕಾಗದ ಸಾಯಂಗಿಲ್ಲ ಕೂಸೇ, ಮಲಗಿರ್ತದ ಅಷ್ಟ."

ಸಂಜೆ ಅಪ್ಪನ ಫೋನು ಬಂತು. ಅಪ್ಪ, ತಿದ್ದುಪಡಿಗೆ ಬರೆದುಕೊಡುತ್ತೇನೆ, ಆದರೆ ಅದು ಆಗಲು ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ಸೋತ ದನಿಯಲ್ಲಿ ಹೇಳುತ್ತಿದ್ದರು. ಕಚೇರಿ ಅಮ್ಮ ನನ್ನ ಕೈಯಿಂದ ಫೋನು ತೆಗೆದುಕೊಂಡರು.

"ನೋಡ್ರಿ, ತಿದ್ದುಪಡಿ ಕೇಳಬ್ಯಾಡ್ರಿ. ತಿದ್ದುಪಡಿ ಅಂದ ಕೂಡ್ಲೇ ಕಡತ ಹತ್ತು ಮೇಜು ಸುತ್ತತದ. ನೀವು ಸೇರುವಾಗ ನಿಮ್ಮ ಕೈಲೇ ತುಂಬಿದ ಫಾರ್ಮು ಇರ್ತದಲ್ಲ, ಅದರ ದೃಢೀಕೃತ ನಕಲು ಕೇಳ್ರಿ. ನಕಲು ಕೊಡಾಕ ಯಾರೂ ಹೆದರಂಗಿಲ್ಲ."

ಆ ಕಡೆಯಿಂದ ಅಪ್ಪ, "ಜೀ ಮೇಡಂ" ಎಂದದ್ದು ನನಗೂ ಕೇಳಿಸಿತು. ತಮ್ಮ ಸಾಹೇಬರ ಮುಂದೆ ಮಾತ್ರ ಬರುವ ದನಿ. ಅವ್ವ ಅಷ್ಟು ದುಃಖದಲ್ಲೂ ಸೆರಗಿನಲ್ಲಿ ನಕ್ಕಳು.

ಅದೊಂದೇ ಕಾಗದವನ್ನು ನಂಬಿ ಕೂರುವುದು ಬೇಡವೆಂದು ಕಚೇರಿ ಅಮ್ಮನ ಲೆಕ್ಕ. ಅದರ ಬೆನ್ನಿಗೆ ಇನ್ನೊಂದು ಬೇಕು. ಅಪ್ಪ ಕರೂರಿನ ಶಾಲೆಯಲ್ಲಿ ಓದಿದ್ದಕ್ಕೆ ದಾಖಲಾತಿ ಪುಸ್ತಕದ ಆಧಾರದ ಮೇಲೆ ಒಂದು ಪ್ರಮಾಣಪತ್ರ. ಆದರೆ ಅದು ಮೇ ತಿಂಗಳು, ಶಾಲೆಗೆ ಬೇಸಿಗೆ ರಜೆ. ಹೆಡ್‌ಮಾಸ್ತರು ಕುರುಗೋಡಿನವರು, ಬೀರುವಿನ ಬೀಗದಕೈ ಅವರ ಬಳಿ. ಇದನ್ನೆಲ್ಲ ಕಚೇರಿ ಅಮ್ಮ ಎರಡು ದಿನ ಫೋನು ಮಾಡಿ ಪತ್ತೆಹಚ್ಚಿದರು. ಆ ಎರಡು ದಿನ ನನ್ನಿಂದ ಅರ್ಜಿ ಬರೆಸಿದರು. ಅವರು ಬರೆದುಕೊಟ್ಟರೆ ಹತ್ತು ನಿಮಿಷದ ಕೆಲಸ. "ಇದು ನಿನ್ನ ಊರಿನ ಮಾತು. ನಿನ್ನ ಕೈಲೇ ಇರ್ಲಿ" ಎಂದು ಮೂರು ಸಲ ಬರೆಸಿದರು. ಮೊದಲನೆಯದರಲ್ಲಿ ಒತ್ತಕ್ಷರ ತಪ್ಪು, ಎರಡನೆಯದರಲ್ಲಿ ಅಳು ಹೆಚ್ಚು. "ಅರ್ಜಿಯೊಳಗ ಅಳಬಾರ್ದು. ಏನ್ ಅದ, ಏನ್ ಬೇಕು, ಅಷ್ಟ ಬರಿ" ಎಂದರು. ಮೂರನೆಯದನ್ನು ಓದಿ ಮಡಿಸಿ ತಮ್ಮ ಚೀಲಕ್ಕೆ ಹಾಕಿಕೊಂಡರು. ನನಗೆ ರ‍್ಯಾಂಕು ಬಂದಾಗಲೂ ಅಷ್ಟು ಖುಷಿಯಾಗಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಆರಕ್ಕೇ ಹೊರಟೆವು. ಅವ್ವನಿಗೆ ಜ್ವರ ಬಂದಿತ್ತು, ಹಾಗಾಗಿ ನಾವಿಬ್ಬರೇ. ಕಚೇರಿ ಅಮ್ಮನ ಕೈಯಲ್ಲಿ ಕಪ್ಪು ಛತ್ರಿ, ಹೆಗಲಿಗೆ ಬಟ್ಟೆಯ ಚೀಲ. ಕುರುಗೋಡಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಬಂಡೆಗುಡ್ಡಗಳು ಕಾಣತೊಡಗಿದಾಗ, "ಲೇ, ನೋಡಲ್ಲಿ" ಎಂದು ಮೊಣಕೈಯಿಂದ ನನ್ನನ್ನು ತಿವಿದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಬಂಡೆ, ಬಿಸಿಲು ಅಷ್ಟೇ. ಆದರೆ ನಿವೃತ್ತಿಯಾದ ಮೇಲೆ ಅವರು ಕೆಲಸದ ಮೇಲೆ ಹೊರಟದ್ದು ಅದೇ ಮೊದಲಂತೆ. ಅವರ ಸಡಗರ ನನಗೂ ಅಂಟಿಕೊಂಡಿತು. ಎರಡು ಹುಡುಗಿಯರು ಶಾಲೆಯ ಪ್ರವಾಸಕ್ಕೆ ಹೊರಟ ಹಾಗಿತ್ತು ನಮ್ಮ ಸ್ಥಿತಿ.

ಹೆಡ್‌ಮಾಸ್ತರು ಬನಿಯನ್‌ನಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ವಿಷಯ ಕೇಳಿ ತಲೆ ಕೆರೆದುಕೊಂಡರು. "ರಜಾ ಐತಲ್ರೀ ಅಮ್ಮಾರೆ. ಸಾಲಿ ತೆರದ ಮ್ಯಾಲೆ ಬರ್ರಿ, ಅವತ್ತೇ ಬರದು ಕೊಡ್ತೀನಿ."

"ಸಾಲಿ ತೆರಿಯೋದರಾಗ ಈ ಕೂಸಿನ ಸೀಟು ಮತ್ತೊಬ್ಬರ ಪಾಲಾಗಿರ್ತದರಿ. ನಿಮ್ಮ ಸಾಲ್ಯಾಗ ಕಲಿತ ಹುಡುಗ ಗಡಿಯೊಳಗ ನಿಂತಾನ. ಅವನ ಮಗಳಿಗೆ ನೀ ಈ ಊರಾಕಿ ಅಲ್ಲ ಅಂತಾರ. ಅಲ್ಲ ಅಂತ ಹೇಳಾಕ ಬೇಕಾದ್ರ ರಜಾ ಇರ್ಲಿ, ಹೌದು ಅಂತ ಹೇಳಾಕ ರಜಾ ಯಾಕ್ರಿ?"

ಕಚೇರಿ ಅಮ್ಮ ದನಿ ಏರಿಸಿರಲಿಲ್ಲ. ಹೆಡ್‌ಮಾಸ್ತರು ನನ್ನನ್ನು ನೋಡಿದರು, ಆಮೇಲೆ ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದರು. ಆಕೆ ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ತಂದು ಅವರ ತೊಡೆಯ ಮೇಲಿಟ್ಟರು. ಹತ್ತು ನಿಮಿಷದಲ್ಲಿ ಮೂವರೂ ಬಸ್‌ಸ್ಟ್ಯಾಂಡಿನಲ್ಲಿದ್ದೆವು.

ನೇರ ಬಸ್ಸಿಗೆ ಕಾಯದೆ ಸಿಕ್ಕ ಬಸ್ಸು ಹತ್ತಿ, ನಡುವೆ ಒಂದು ಕಡೆ ಇಳಿದು ಬದಲಿಸಿ, ಸಿರುಗುಪ್ಪ ಮುಟ್ಟುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಅಲ್ಲಿಂದ ಟಂಟಂ. ಕಾಲುವೆಗೆ ನೀರು ನಿಲ್ಲಿಸಿದ್ದರು, ಕೊಯ್ಲಾದ ಗದ್ದೆಗಳು ಬಿರುಕು ಬಿಟ್ಟು ಮಲಗಿದ್ದವು. ಶಾಲೆಯ ಬೀಗ ತೆರೆದಾಗ ಒಳಗಿನ ಕಾವು ಒಲೆಯ ಹಾಗೆ ಮುಖಕ್ಕೆ ರಾಚಿತು. ಹೆಡ್‌ಮಾಸ್ತರು ಬೀರುವಿನಿಂದ ಒಂದೊಂದೇ ದಾಖಲಾತಿ ಪುಸ್ತಕ ತೆಗೆದು ಧೂಳು ಕೊಡವಿ ಕೊಟ್ಟರು. ಕಚೇರಿ ಅಮ್ಮ ಕನ್ನಡಕ ಏರಿಸಿ ಸಾಲಿನಿಂದ ಸಾಲಿಗೆ ಬೆರಳು ಓಡಿಸತೊಡಗಿದರು. ಒಂದು ಪುಸ್ತಕ ಮುಗಿಯಿತು, ಎರಡು ಮುಗಿದವು. ಮೂರನೆಯದು ಗೆದ್ದಲು ಹತ್ತಿ ಅಂಚೆಲ್ಲ ಉದುರಿತ್ತು. ಇದ್ದಕ್ಕಿದ್ದಂತೆ ಅವರ ಬೆರಳು ನಿಂತಿತು.

"ಬಾ ಇಲ್ಲಿ. ಓದು."

ಓದಿದೆ. ಅಪ್ಪನ ಹೆಸರು. ಅದರ ಮುಂದೆ ಅಜ್ಜನ ಹೆಸರು. ಊರು ಕರೂರು, ತಾಲ್ಲೂಕು ಸಿರುಗುಪ್ಪ, ಜಿಲ್ಲೆ ಬಳ್ಳಾರಿ. ಕೊನೆಯ ಅಂಕಣದಲ್ಲಿ, ಪೋಷಕರ ಸಹಿ ಎಂಬಲ್ಲಿ, ನೀಲಿ ಮಸಿಯ ಒಂದು ಹೆಬ್ಬೆಟ್ಟು. ನಾನು ಹುಟ್ಟುವ ಮೊದಲೇ ಹೋದ ಅಜ್ಜ. ಅವನ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿರಲಿಲ್ಲ. ಆ ಹೆಬ್ಬೆಟ್ಟಿನ ಗೆರೆಗಳು ಮಾತ್ರ ನಿನ್ನೆ ಒತ್ತಿದಷ್ಟು ಸ್ಪಷ್ಟವಾಗಿದ್ದವು. ಮುಟ್ಟಬಹುದೇ ಎಂದು ಹೆಡ್‌ಮಾಸ್ತರನ್ನು ಕೇಳಿದೆ. "ಮುಟ್ಟವ್ವ, ನಿಮ್ಮ ಅಜ್ಜನ್ದು" ಎಂದರು.

ಪ್ರಮಾಣಪತ್ರ ಬರೆದಾಯಿತು, ಸಹಿಯಾಯಿತು. ಮೊಹರು ಒತ್ತುವಾಗ ಇಂಕ್ ಪ್ಯಾಡು ಬೇಸಿಗೆಗೆ ಒಣಗಿ ಹಪ್ಪಳವಾಗಿತ್ತು. ಕಚೇರಿ ಅಮ್ಮ ನನ್ನ ನೀರಿನ ಬಾಟಲಿ ತೆಗೆದುಕೊಂಡು, ನಾಲ್ಕು ಹನಿ ಪ್ಯಾಡಿಗೆ ಬಿಟ್ಟು, ಬೆರಳಿನಿಂದ ತಿಕ್ಕಿ ಮಸಿ ಎಬ್ಬಿಸಿದರು. ಮೊಹರು ಬಿತ್ತು. ಹೆಡ್‌ಮಾಸ್ತರಿಗೂ ಈಗ ಹುರುಪು ಬಂದಿತ್ತು. "ಒಂದು ಸಾಲದು, ಎರಡು ಪ್ರತಿ ಮಾಡೋಣ್ರಿ" ಎಂದು ತಾವೇ ಕೂತು ಇನ್ನೊಂದು ಬರೆದರು.

ನನ್ನ ಅಜ್ಜಿ, ಅಪ್ಪನ ತಾಯಿ, ಆಗ ಕರೂರಿನಲ್ಲೇ ಇದ್ದಳು. ಕೆಲಸವಾದ ಮೇಲೆ ಹಾಗೇ ಹೋಗಲು ಮನಸ್ಸು ಬರಲಿಲ್ಲ. ಕಚೇರಿ ಅಮ್ಮನೂ ಬಂದರು, ಕೇರಿಯ ಉದ್ದಕ್ಕೂ ಛತ್ರಿ ಹಿಡಿದು ನನ್ನ ಪಕ್ಕದಲ್ಲೇ ನಡೆದರು. ಅಜ್ಜಿ ಸಂಭ್ರಮದಿಂದ ಕಟ್ಟೆಯ ಮೇಲೆ ಕಂಬಳಿ ಹಾಸಿ, ಗಡಿಗೆಯಿಂದ ತಣ್ಣನೆಯ ಮಜ್ಜಿಗೆ ಬಗ್ಗಿಸಿ, ತೊಳೆದ ಚೊಂಬನ್ನು ಇನ್ನೊಮ್ಮೆ ತೊಳೆದು ಅವರ ಮುಂದೆ ಹಿಡಿದಳು.

"ಬ್ಯಾಡಮ್ಮ. ಇವತ್ತು ಬ್ಯಾಡ" ಎಂದರು ಕಚೇರಿ ಅಮ್ಮ.

"ಒಂದು ಗುಟುಕು, ಅಮ್ಮಾರೆ. ಬಿಸಿಲು ಬಾಳ ಐತಿ."

"ಬ್ಯಾಡ."

ಅಜ್ಜಿಯ ಕೈ ಅಲ್ಲೇ ನಿಂತಿತು. ಆಮೇಲೆ ಚೊಂಬನ್ನು ನನಗೆ ಕೊಟ್ಟಳು. ನಾನು ಒಳಗೆ ಹೋದಾಗ ಹಿಂದೆಯೇ ಬಂದು, ಪಿಸುದನಿಯಲ್ಲಿ, "ಬಿಡವ್ವ. ನಮ್ಮ ಮನ್ಯಾಗ ಅವರು ಹೆಂಗ ಕುಡೀತಾರ" ಎಂದಳು. ಸಿಟ್ಟೇನೂ ಇರಲಿಲ್ಲ ಅವಳ ದನಿಯಲ್ಲಿ. ಗೊತ್ತಿದ್ದ ಮಾತನ್ನೇ ಹೇಳಿದ ಹಾಗಿತ್ತು. ಆ ಸಿಟ್ಟೆಲ್ಲ ನನ್ನೊಳಗೆ ಎದ್ದಿತು. ದಿನವಿಡೀ ನನಗಾಗಿ ಸುತ್ತಿದವರು, ನನ್ನ ಅಜ್ಜನ ಹೆಬ್ಬೆಟ್ಟು ಹುಡುಕಿಕೊಟ್ಟವರು, ನನ್ನ ಅಜ್ಜಿಯ ಕೈಯ ಮಜ್ಜಿಗೆ ಮುಟ್ಟಲಿಲ್ಲ. ನಾನೂ ಕುಡಿಯದೆ ಚೊಂಬನ್ನು ಕೆಳಗಿಟ್ಟೆ.

ವಾಪಸು ಬರುವಾಗ ನಾನು ಮಾತಾಡಲಿಲ್ಲ. ಕಚೇರಿ ಅಮ್ಮ ಚೀಲವನ್ನು ಎದೆಗೆ ಅವಚಿಕೊಂಡು, ಕಣ್ಣು ಮುಚ್ಚಿ ಕೂತಿದ್ದರು. ತುಟಿ ಒಣಗಿ ಬೆಳ್ಳಗಾಗಿದ್ದವು. ಬಸ್ಸು ಕುಲುಕಿದಾಗಲೆಲ್ಲ ಅವರ ತಲೆ ನನ್ನ ಹೆಗಲಿಗೆ ತಾಗುತ್ತಿತ್ತು. ನಾನು ಹೆಗಲು ಸರಿಸಲಿಲ್ಲ, ಆದರೆ ಅವರ ಕಡೆ ತಿರುಗಲೂ ಇಲ್ಲ. ಆ ಒಂದು ಪ್ರಯಾಣಕ್ಕಾಗಿ ಈಗಲೂ ನನ್ನ ಮೇಲೆ ನನಗೆ ನಾಚಿಕೆ...

ಮರುದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಅವರು ನಿಂತಿದ್ದರು. ಸ್ನಾನ, ಪೂಜೆ ಮುಗಿಸಿ ಬಂದಿದ್ದರು, ಹಣೆಯ ಮೇಲೆ ಗಂಧವಿತ್ತು. ಅವ್ವ ಎದ್ದು ಕೂತಳು. ಕಚೇರಿ ಅಮ್ಮ ನೇರ ಒಳಗೆ ಬಂದು, ಅಡುಗೆಮನೆಯ ಹೊಸ್ತಿಲಿಗೆ ಒರಗಿ ನೆಲದ ಮೇಲೆ ಕೂತರು.

"ಮಜ್ಜಿಗಿ ಅದೇನಮ್ಮ?" ಎಂದರು.

ಅವ್ವ ನನ್ನ ಮುಖ ನೋಡಿದಳು. ಹಿಂದಿನ ದಿನದ್ದನ್ನು ನಾನು ಅವಳಿಗೆ ಹೇಳಿದ್ದೆ.

"ನಿನ್ನೆ ಏಕಾದಶಿ. ನಾನು ನೀರೂ ಕುಡಿಯಂಗಿಲ್ಲ. ಮೊದ್ಲೇ ಹೇಳಿದ್ರ, ಉಪವಾಸದಾಗ ಬಿಸಿಲಿಗೆ ಬರಬ್ಯಾಡ್ರಿ ಅಂತ ನೀವು ತಡೀತಿದ್ರಿ, ಒಂದು ದಿನ ಹಾಳಾಗ್ತಿತ್ತು. ಅದಕ್ಕ ಹೇಳ್ಲಿಲ್ಲ. ಆ ಮುದುಕಿ ಮುಖ ನೋಡಿದ ಮ್ಯಾಲೆ ಹೇಳಬೇಕಿತ್ತು. ಯಾಕೋ ಬಾಯಿ ಬರ್ಲಿಲ್ಲ. ನಿದ್ದಿ ಹತ್ಲಿಲ್ಲ ನನಗ."

ನನಗೆ ಆಗ ನೆನಪಾಯಿತು. ಬೆಳಿಗ್ಗೆ ಆರರಿಂದ ಸಂಜೆಯವರೆಗೆ, ಮೇ ತಿಂಗಳ ಬಳ್ಳಾರಿಯ ಬಿಸಿಲಲ್ಲಿ, ಹೆಡ್‌ಮಾಸ್ತರ ಮನೆಯಲ್ಲಿ ಕೊಟ್ಟ ಚಹಾವನ್ನೂ ಅವರು ಮುಟ್ಟಿರಲಿಲ್ಲ. ಬಾಟಲಿಯ ನೀರು ಪ್ಯಾಡಿಗೆ ಬಿಟ್ಟು ಮುಚ್ಚಳ ಹಾಕಿ ನನಗೇ ಕೊಟ್ಟಿದ್ದರು.

ಅವ್ವ ಚೊಂಬಿನಲ್ಲಿ ಮಜ್ಜಿಗೆ ತಂದಳು. ಕಚೇರಿ ಅಮ್ಮ ಎತ್ತಿ ಪೂರ್ತಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು. "ಇಪ್ಪತ್ತು ವರ್ಷದ ಹಿಂದಾಗಿದ್ರ ಏಕಾದಶಿ ಇಲ್ಲದಿದ್ರೂ ನಾ ಕುಡೀತಿದ್ದಿಲ್ಲ. ಅದೂ ಖರೇನ. ಆ ಮುದುಕಿಗೆ ಅನಿಸಿದ್ದು ಸುಳ್ಳಲ್ಲ" ಎಂದರು.

ಅವ್ವ ಇನ್ನೊಂದು ಚೊಂಬು ತಂದಿಟ್ಟಳು. ಅದನ್ನೂ ಕುಡಿದರು.

ಎಂಟನೆಯ ದಿನದವರೆಗೆ ಅಪ್ಪನ ಕಡೆಯ ಕಾಗದ ಬರಲಿಲ್ಲ. ಓಣಿಯ ತುದಿಯ ಜೆರಾಕ್ಸ್ ಅಂಗಡಿಯ ಇ-ಮೇಲ್‌ಗೆ ಬರುವುದಿತ್ತು. ದಿನಕ್ಕೆ ಹತ್ತು ಸಲ ಹೋಗಿ ನಿಲ್ಲುತ್ತಿದ್ದೆ. ಅಂಗಡಿಯವರು ನನ್ನನ್ನು ಕಂಡ ಕೂಡಲೇ ದೂರದಿಂದಲೇ ಕೈಯಾಡಿಸಿ ಇಲ್ಲ ಅನ್ನುತ್ತಿದ್ದರು. ಆ ಸಂಜೆ ಅವರು ಕೈಯಾಡಿಸಲಿಲ್ಲ, ಕೈಬೀಸಿ ಕರೆದರು. ಪ್ರಿಂಟರಿನಿಂದ ಕಾಗದ ಇಂಚಿಂಚಾಗಿ ಹೊರಬಂತು. ಹದಿನೆಂಟು ವರ್ಷದ ಹುಡುಗನ ಕೈಬರಹ, ಒಂದೊಂದು ಇಂಗ್ಲಿಷ್ ಅಕ್ಷರವೂ ಒತ್ತಿ ಒತ್ತಿ ಬರೆದದ್ದು. ಕರೂರು. ಸಿರುಗುಪ್ಪ ತಾಲ್ಲೂಕು. ಬಳ್ಳಾರಿ ಜಿಲ್ಲೆ. ಕೆಳಗೆ ಅಪ್ಪನ ಅಧಿಕಾರಿಯ ದೃಢೀಕರಣ, ಮೊಹರು. ನಾನು ಚಪ್ಪಲಿಗಳನ್ನು ಅಂಗಡಿಯ ಮುಂದೆಯೇ ಬಿಟ್ಟು ಓಡಿದೆ. ಕಚೇರಿ ಅಮ್ಮನ ಗೇಟು ತಳ್ಳಿಕೊಂಡು ಒಳನುಗ್ಗಿ, ದೇವರ ಮುಂದೆ ದೀಪ ಹಚ್ಚುತ್ತಿದ್ದವರ ಮುಂದೆ ಕಾಗದ ಹಿಡಿದೆ. ಅವರು ದೀಪದ ಬೆಳಕಿನಲ್ಲೇ ಓದಿದರು.

"ಹೇಳಿದ್ನಿಲ್ಲ, ಮಲಗಿರ್ತದ ಅಂತ" ಎಂದರು. ಕಣ್ಣು ತುಂಬಿದ್ದವು.

ಆಗಲೇ ನಾನು ಕೇಳಿದ್ದು, ನಮಗಾಗಿ ಇಷ್ಟೆಲ್ಲ ಯಾಕೆ ಮಾಡಿದಿರಿ ಎಂದು. ಅವರು ಬತ್ತಿ ಸರಿಮಾಡುತ್ತ, "ನಮ್ಮ ಮನಿಯವರು ತೀರಿಕೊಂಡಾಗ ಅವರ ನೌಕರಿ ನನಗ ಕೊಡ್ಬೇಕಂದ್ರ ಕಾಗದ ತಾ ಅಂದ್ರು. ನನಗಾಗ ಇಪ್ಪತ್ತಾರು ವರ್ಷ. ಊರೂರು ಒಬ್ಬಾಕೀನೇ ಅಲದೀನಿ. ಜೊತಿಗೆ ಯಾರೂ ಇದ್ದಿದ್ದಿಲ್ಲ" ಎಂದರು. ಅಷ್ಟೇ. ಯಾವ ಊರು, ಯಾವ ಕಾಗದ, ನಾನು ಕೇಳಲಿಲ್ಲ. ನನ್ನ ತಲೆಯಲ್ಲಿ ನಾಳೆ ಮಾತ್ರ ಇತ್ತು.

ಒಂಬತ್ತನೆಯ ದಿನ ಅವರು ನಮ್ಮ ಜೊತೆ ಬಂದರು, ಆದರೆ ಒಳಗೆ ಬರಲಿಲ್ಲ. "ನಿನ್ನ ಅರ್ಜಿ ನೀನೇ ಕೊಡು" ಎಂದು ಹೊರಗೆ ಬೇವಿನ ಮರದ ಕೆಳಗೆ ನಿಂತರು. ಅದೇ ಅಧಿಕಾರಿ. ಮೊದಲು ಅಪ್ಪನ ಫಾರ್ಮು, ಆಮೇಲೆ ಶಾಲೆಯ ಪ್ರಮಾಣಪತ್ರ, ಕೊನೆಗೆ ನನ್ನ ಅರ್ಜಿ ಓದಿದರು. ಅರ್ಜಿಯನ್ನು ಸ್ವಲ್ಪ ಹೆಚ್ಚು ಹೊತ್ತು ಓದಿದರು.

"ಇದನ್ನ ಯಾರು ಬರೆದದ್ದಮ್ಮ?"

"ನಾನೇ, ಸರ್."

"ಜೋಧಪುರದಲ್ಲಿ ಓದಿದ ಹುಡುಗಿ ಅಂತ ಯಾರೂ ಹೇಳಲ್ಲ. ನಮ್ಮಲ್ಲೂ ಒಂದು ಕರೂರು ಇದೆ ಅಂತ ನನಗೆ ಇವತ್ತೇ ಗೊತ್ತಾಯ್ತು" ಎಂದು ನಕ್ಕು, ಮೊಹರು ಎತ್ತಿ ಒತ್ತಿದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವ್ವ ಅಲ್ಲೇ ಕೈಮುಗಿದಳು. ನಾನು ಹೊರಗೆ ಓಡಿದೆ. ಏನು ಹೇಳಿದೆನೋ, ಹೇಗೆ ಹೇಳಿದೆನೋ ನೆನಪಿಲ್ಲ. ಕಚೇರಿ ಅಮ್ಮ ಮಾತ್ರ, "ತಡಿ, ಮೊಹರಿನಾಗ ತಾರೀಕು ಸರಿ ಅದೇನು ನೋಡೋಣ" ಎಂದು ಕನ್ನಡಕ ಬದಲಿಸಿದರು. ತಾರೀಕು ನೋಡಿದರು, ಸಹಿ ನೋಡಿದರು. ಆಮೇಲೆ ಛತ್ರಿಯನ್ನು ಕೆಳಗೆ ಹಾಕಿ ನನ್ನ ಎರಡೂ ಕೆನ್ನೆ ಹಿಡಿದುಕೊಂಡರು. ಬೀದಿಯಲ್ಲಿ, ಅಷ್ಟು ಜನರ ನಡುವೆ, ಇಬ್ಬರೂ ಹುಚ್ಚರ ಹಾಗೆ ನಕ್ಕೆವು.

ಸೈನಿಕರ ಮಕ್ಕಳ ಪಾಲಿನ ಸೀಟು ನನಗೆ ರಾಯಚೂರಿನಲ್ಲಿ ಸಿಕ್ಕಿತು. ಶುಲ್ಕದ ರಿಯಾಯಿತಿ, ವಿದ್ಯಾರ್ಥಿ ವೇತನ ಎರಡೂ ಆ ಒಂದು ಮೊಹರಿನ ಹಿಂದೆಯೇ ಬಂದವು. ರಜೆಗೆ ಬಂದಾಗಲೆಲ್ಲ ಅವರ ಪಡಸಾಲೆಯಲ್ಲಿ ಕೂರುತ್ತಿದ್ದೆ. ಅಷ್ಟರಲ್ಲಿ ಆ ಪಡಸಾಲೆಗೆ ಬೇರೆ ಬೇರೆ ಊರಿನ ಸೈನಿಕರ ಮನೆಯವರು ಬರತೊಡಗಿದ್ದರು. ಅವ್ವನೇ ಕರೆತರುತ್ತಿದ್ದಳು. ಅವ್ವನ ಅಡುಗೆಮನೆಯಿಂದ ಮಜ್ಜಿಗೆ ಆ ಕಡೆ ಹೋಗುತ್ತಿತ್ತು, ಆ ಕಡೆಯಿಂದ ಗೊಜ್ಜವಲಕ್ಕಿ ಈ ಕಡೆ ಬರುತ್ತಿತ್ತು. ಒಂದು ಸಂಕ್ರಾಂತಿಗೆ ಅವರು ಕರೂರಿಗೆ ಹೋಗಿ ಅಜ್ಜಿಯ ಕೈಯ ಸಜ್ಜೆರೊಟ್ಟಿ ತಿಂದು ಬಂದರಂತೆ. ನಾನು ಆಗ ಪರೀಕ್ಷೆಯಲ್ಲಿದ್ದೆ. ಇಬ್ಬರೂ ಏನು ಮಾತಾಡಿಕೊಂಡರೋ... ಅಜ್ಜಿಯನ್ನು ಕೇಳಿದರೆ, "ನಮ್ಮ ನಮ್ಮ ಮಾತು ನಿನಗ್ಯಾಕ" ಎನ್ನುತ್ತಿದ್ದಳು.

ಓದು ಮುಗಿಯಿತು, ನೌಕರಿ ಸಿಕ್ಕಿತು. ಮೊದಲ ವರ್ಷ ಬೇರೆ ಜಿಲ್ಲೆಯಲ್ಲಿದ್ದೆ. ಕಚೇರಿ ಅಮ್ಮ ಹೋದರು ಎಂದು ಅವ್ವ ಫೋನು ಮಾಡಿದ್ದು ಒಂದು ಬುಧವಾರ, ನಾನು ಹೊಲದ ಬದುವಿನ ಮೇಲೆ ನಿಂತಿದ್ದಾಗ. ಬೆಳಿಗ್ಗೆ ತುಳಸಿಗೆ ನೀರು ಹಾಕಲು ಬರಲಿಲ್ಲವೆಂದು ಅವ್ವನೇ ಹೋಗಿ ನೋಡಿದ್ದಳು. ನಾನು ಬಳ್ಳಾರಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹುಬ್ಬಳ್ಳಿಯಿಂದ ಅವರ ಗಂಡನ ಅಣ್ಣನ ಮಗ ಬಂದಿದ್ದರು, ಒಳ್ಳೆಯವರು. ಎಲ್ಲ ಕಾರ್ಯವನ್ನೂ ಶ್ರದ್ಧೆಯಿಂದ ಮಾಡಿದರು. ಪತ್ರಿಕೆಗೆ ಒಂದು ನಾಲ್ಕು ಸಾಲಿನ ಶ್ರದ್ಧಾಂಜಲಿ ಕೊಡಬೇಕೆಂದು ಹಾಳೆ ಹಿಡಿದು ನನ್ನ ಬಳಿ ಬಂದರು.

"ಕಾಕೂ ಹುಟ್ಟಿದ ಊರು ಯಾವ್ದು, ನಿಮಗೇನರ ಗೊತ್ತೇನ್ರಿ? ಅವರ ತವರಿನವರು ಯಾರೂ ಉಳಿದಿಲ್ಲ. ನಮ್ಮ ಮನ್ಯಾಗ ಯಾರಿಗೂ ನೆನಪಿಲ್ಲ."

ನಾನು ಅವ್ವನ ಕಡೆ ನೋಡಿದೆ. ಅವ್ವ ನನ್ನ ಕಡೆ ನೋಡಿದಳು. ನನ್ನ ಅಪ್ಪ ಯಾವ ತಾರೀಕು ಶಾಲೆಗೆ ಸೇರಿದರು, ಯಾವ ತಾರೀಕು ಸೈನ್ಯಕ್ಕೆ ಸೇರಿದರು, ಎಲ್ಲವೂ ಕಚೇರಿ ಅಮ್ಮನಿಗೆ ಬಾಯಲ್ಲಿತ್ತು. ಅಷ್ಟು ವರ್ಷ ಅವರ ಪಡಸಾಲೆಯಲ್ಲಿ ಕೂತು ನಾನು ನನ್ನ ಮಾತನ್ನೇ ಆಡಿದ್ದೆ.

"ಗೊತ್ತಿಲ್ರಿ" ಎಂದೆ.

ಅವರು ಸ್ವಲ್ಪ ಯೋಚಿಸಿ, ಬಳ್ಳಾರಿ ಎಂದೇ ಬರೆದುಕೊಂಡರು. ಅದು ಸರಿಯೋ ತಪ್ಪೋ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಈಗ ಸಿರುಗುಪ್ಪಕ್ಕೆ ವರ್ಗವಾಗಿ ಬಂದ ಮೇಲೆ ಬಿಡುವಿದ್ದಾಗ ಬಳ್ಳಾರಿಗೆ ಹೋಗಿ, ಕಚೇರಿ ಅಮ್ಮ ದುಡಿದ ಕಚೇರಿಯಲ್ಲಿ, ಅವರ ಹುಟ್ಟೂರು ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತೇನೆ. ಅಲ್ಲಿರುವವರೆಲ್ಲ ಹೊಸಬರು. ಕೂರಿಸಿ, ನೀರು ಕೊಟ್ಟು, ಅವರು ನಿಮಗೆ ಏನಾಗಬೇಕಿತ್ತು ಎಂದು ಕೇಳುತ್ತಾರೆ.